ಮಣ್ಣೇ ಕೂಗಿದರೆ ಚಿನ್ನದ ದನಿ ಕೇಳುವುದು ಹೇಗೆ?

ಪ್ರಶ್ನೆ: ಮೆಲ್ಬರ್ನ್‌ನಲ್ಲಿದ್ದೇನೆ. ರಜೆಯಲ್ಲಿ ಬೆಂಡಿಗೊ ಕಡೆ ಚಿನ್ನ ಹುಡುಕಲು ಮೆಟಲ್ ಡಿಟೆಕ್ಟರ್ ಒಯ್ಯುತ್ತೇನೆ. ಮನೆಯ ಹಿತ್ತಲಲ್ಲಿ ತೆಪ್ಪಗಿರುವ ಯಂತ್ರ ಅಲ್ಲಿನ ಕೆಂಪು ಮಣ್ಣಿನ ಮೇಲೆ ಒಂದೇ ಸಮನೆ ಕೂಗುತ್ತದೆ. ಸೆನ್ಸಿಟಿವಿಟಿ ತಗ್ಗಿಸಿದರೆ ಸಾಲದೇ?

ಉತ್ತರ: ಸಾಲದು. ಅದನ್ನು ತಗ್ಗಿಸಿದರೆ ಮಣ್ಣಿನ ಗಲಾಟೆಯ ಜೊತೆಗೆ ಚಿನ್ನದ ದನಿಯೂ ಉಡುಗುತ್ತದೆ. ಮೊದಲು ಮಾಡಬೇಕಾದ್ದು ಗ್ರೌಂಡ್ ಬ್ಯಾಲೆನ್ಸ್. ಅಂದರೆ, ಈ ಜಾಗದ ಮಣ್ಣನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೆ ತಿಳಿಸುವುದು.

ಮಣ್ಣಿನ ಕೆಂಪು ಬಣ್ಣಕ್ಕೆ ಕಾರಣವಾದ ಹೆಮಟೈಟ್ ಅಷ್ಟೇನೂ ಉಪದ್ರವಿಯಲ್ಲ. ಕಾಟ ಕೊಡುವವು ಅದರ ಜೊತೆಗಿರುವ ಮ್ಯಾಗ್ನೆಟೈಟ್ ಮತ್ತು ಮ್ಯಾಗ್ಹೆಮೈಟ್ ಎಂಬ ಕಬ್ಬಿಣದ ಖನಿಜಗಳು. ಯಂತ್ರದ ತುದಿಯ ಕಾಯಿಲ್‌ನ ಕಾಂತಕ್ಷೇತ್ರಕ್ಕೆ ಮ್ಯಾಗ್ನೆಟೈಟ್ ಹೆಚ್ಚುಕಡಿಮೆ ತಕ್ಷಣವೇ ಓಗೊಡುತ್ತದೆ. ಲೋಹದಲ್ಲಾದರೆ ಸುಳಿ ಪ್ರವಾಹ ಹುಟ್ಟಿ, ಉತ್ತರ ತುಸು ತಡವಾಗಿ ಬರುತ್ತದೆ. ಈ ತಡವೇ ಯಂತ್ರಕ್ಕೆ ಗುರುತು. ಮ್ಯಾಗ್ಹೆಮೈಟಿನ ಅತಿಸಣ್ಣ ಕಣಗಳು ಮಾತ್ರ ತಾವೂ ತಡಮಾಡಿ ಲೋಹದ ವೇಷ ಹಾಕುತ್ತವೆ. ಬೆಂಕಿಯ ಕಾವು ಕಂಡ ಮೇಲ್ಮಣ್ಣಿನಲ್ಲಿ ಇಂಥ ಕಣಗಳು ಹೆಚ್ಚು. ಯಾರೋ ಹಿಂದೆ ಒಲೆ ಹೂಡಿದ್ದ ಜಾಗವೂ ನಿಮ್ಮನ್ನು ಯಾಮಾರಿಸಬಹುದು.

ಈಗ ಕೆಲಸಕ್ಕೆ ಬನ್ನಿ. ಗುದ್ದಲಿ, ಮೊಬೈಲ್ ದೂರವಿಡಿ. ಬೂಟಿನ ತುದಿಯಲ್ಲಿ ಉಕ್ಕಿದ್ದರೆ ಅದೂ ಕಾಯಿಲ್ ಹತ್ತಿರ ಸುಳಿಯಬಾರದು. ಕಾಯಿಲನ್ನು ಅತ್ತಿತ್ತ ಆಡಿಸಿ, ಲೋಹವಿಲ್ಲದ ಒಂದು ಮಾರು ನೆಲ ಆರಿಸಿಕೊಳ್ಳಿ. ಅಲ್ಲಿ ಕಾಯಿಲನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಒಂದಡಿ ಎತ್ತರದಿಂದ ಎರಡು ಬೆರಳಷ್ಟು ಅಂತರದವರೆಗೆ ಇಳಿಸುತ್ತ ಏರಿಸುತ್ತ ಇರಿ. ಇಳಿಸುವಾಗ ದನಿ ಏರಿದರೆ ಅಥವಾ ಅಡಗಿದರೆ ಬ್ಯಾಲೆನ್ಸ್ ಇನ್ನೂ ಕೂತಿಲ್ಲ. ಇಳಿಸುವಾಗಲೂ ಏರಿಸುವಾಗಲೂ ದನಿ ಒಂದೇ ಆಗುವವರೆಗೆ ಬ್ಯಾಲೆನ್ಸ್ ಗುಂಡಿ ತಿರುಗಿಸಿ. ಯಾವ ಕಡೆಗೆ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಕೈಪಿಡಿ ನೋಡಿ. ಇಳಿಸುವಾಗ ದನಿ ಕೂದಲೆಳೆಯಷ್ಟು ಏರುವಂತೆ ಬಿಟ್ಟರೆ ಸಣ್ಣ ಚೂರುಗಳ ಮೆಲುದನಿ ತಪ್ಪಿಹೋಗದು.

ತಾನಾಗಿಯೇ ಹೊಂದಿಸಿಕೊಳ್ಳುವ ಟ್ರ್ಯಾಕಿಂಗ್ ಇದ್ದರೆ ನಡೆಯುವಾಗ ಅನುಕೂಲ. ಆದರೆ ಒಂದು ಸದ್ದು ಸಿಕ್ಕಿ, ಅದರ ಮೇಲೆಯೇ ಹತ್ತಾರು ಬಾರಿ ಕಾಯಿಲ್ ಆಡಿಸಿದಿರೋ, ಯಂತ್ರ ಆ ಚೂರನ್ನೂ ಮಣ್ಣೆಂದೇ ತಿಳಿದು ಸುಮ್ಮನಾಗಬಹುದು. ಆಗ ಟ್ರ್ಯಾಕಿಂಗ್ ನಿಲ್ಲಿಸಿ ಪರೀಕ್ಷಿಸಿ. ಮಣ್ಣಿನ ಬಣ್ಣ ಬದಲಾದಲ್ಲೆಲ್ಲ ಬ್ಯಾಲೆನ್ಸ್ ಮತ್ತೆ ಮಾಡಿ.

ಇಷ್ಟಾದರೂ ಕೂಗು ನಿಲ್ಲದಿದ್ದರೆ ಆಗ ಸೆನ್ಸಿಟಿವಿಟಿಯನ್ನು ಒಂದೆರಡು ಅಂಕ ಇಳಿಸಿ, ಡಬಲ್-ಡಿ ಕಾಯಿಲ್ ಹಾಕಿ. ಅದಕ್ಕೂ ಬಗ್ಗದ ನೆಲಕ್ಕೆ ಪಲ್ಸ್ ಇಂಡಕ್ಷನ್ ಯಂತ್ರವೇ ಬೇಕು. ಬೆಲೆ ಮಾತ್ರ ಕೇಳಬೇಡಿ! ಬೆಂಡಿಗೊ ಕಡೆಯ ಕಿಂಗೋವರ್‌ನಲ್ಲಿ 1980ರಲ್ಲಿ 27 ಕಿಲೋ ತೂಕದ ‘ಹ್ಯಾಂಡ್ ಆಫ್ ಫೇತ್’ ಗಟ್ಟಿ ಸಿಕ್ಕಿದ್ದು ಡಿಟೆಕ್ಟರಿನಿಂದಲೇ. ಅಷ್ಟು ದೊಡ್ಡದು ಹೇಗೂ ಕೂಗುತ್ತದೆ. ಬ್ಯಾಲೆನ್ಸಿನ ಕಸರತ್ತೆಲ್ಲ ಅಕ್ಕಿಕಾಳಿನಷ್ಟು ಸಣ್ಣ ಚೂರಿಗಾಗಿ. ಹೊರಡುವ ಮುನ್ನ ವಿಕ್ಟೋರಿಯಾ ಸರ್ಕಾರದ ‘ಮೈನರ್ಸ್ ರೈಟ್’ ಪರವಾನಗಿ ಜೇಬಿನಲ್ಲಿರಲಿ.