ಪೆಟ್ಟು ತಿಂದ ಕಾರು, ರಿಯಾಯಿತಿಯ ಲೆಕ್ಕ

ಹೈದರಾಬಾದಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಹುಡುಕುತ್ತಿದ್ದಾಗ ನನ್ನೆದುರು ಎರಡು ಆಡಿ ಟಿಟಿ ಬಂದು ನಿಂತವು. ಪೆಟ್ಟು ಬೀಳದ ಕಾರಿಗೆ 28 ಲಕ್ಷ ರೂಪಾಯಿ. ಹಿಂದೊಮ್ಮೆ ಮುಂಭಾಗಕ್ಕೆ ಪೆಟ್ಟು ಬಿದ್ದು ರಿಪೇರಿಯಾದ ಕಾರಿಗೆ 21 ಲಕ್ಷ. ಓಡಿದ ಕಿಲೋಮೀಟರ್ ಹೆಚ್ಚುಕಡಿಮೆ ಒಂದೇ, ಇಬ್ಬರು ಮಾಲೀಕರ ಕೈಯಲ್ಲೂ ಚೆನ್ನಾಗಿಯೇ ಇದ್ದವು. ಏಳು ಲಕ್ಷ ಉಳಿಯುತ್ತದೆ ಎಂದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ನನಗೂ ಹುಟ್ಟಿತು. ಆದರೆ ಆ ಏಳು ಲಕ್ಷ ನಿಜಕ್ಕೂ ಉಳಿತಾಯವೇ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಅಡ್ವಾನ್ಸ್ ಕೊಡಬಾರದೆಂದು ತೀರ್ಮಾನಿಸಿದೆ.

ಮೊದಲು ಇಂಥ ಕಾರಿನ ಮೌಲ್ಯದ ಮಾತು. ಮೂರನೇ ತಲೆಮಾರಿನ ಟಿಟಿ ಭಾರತಕ್ಕೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಆಗ ಶೋರೂಂ ಬೆಲೆಯೇ 60 ಲಕ್ಷದ ಮೇಲಿತ್ತು. 2023ರಲ್ಲಿ ಅದರ ತಯಾರಿಕೆಯೇ ನಿಂತಿತು. ಹಾಗಾಗಿ ಈಗ ಬೇಕೆಂದವರು ಸೆಕೆಂಡ್ ಹ್ಯಾಂಡೇ ಕೊಳ್ಳಬೇಕು. ಬೆಲೆ ಕುಸಿತದ ದೊಡ್ಡ ಪಾಲನ್ನು ಮೊದಲ ಮಾಲೀಕರೇ ಹೊತ್ತಾಗಿದೆ. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವುದರಲ್ಲಿ ಹಣಕಾಸಿನ ಅರ್ಥ ಏನಾದರೂ ಇದ್ದರೆ ಅದು ಇಷ್ಟೇ. ಉಳಿದದ್ದೆಲ್ಲ ಸಂತೋಷಕ್ಕೆ. ಸಂತೋಷಕ್ಕೆ ಖರ್ಚು ಮಾಡುವುದು ತಪ್ಪಲ್ಲ, ಆದರೆ ಅದಕ್ಕೊಂದು ಗಡಿ ಬೇಕು. ಮನೆ ಸಾಲದ ಕಂತು, ಮಗಳ ಕಾಲೇಜು ಫೀಸು, ಆರು ತಿಂಗಳ ಮನೆಖರ್ಚು ಇವುಗಳನ್ನು ಮುಟ್ಟದೆ ನಾನು ಎತ್ತಿಟ್ಟುಕೊಂಡಿದ್ದು 25 ಲಕ್ಷ. ವಿಮೆ, ವರ್ಗಾವಣೆ, ರಿಪೇರಿ ಎಲ್ಲ ಅದರೊಳಗೇ ಮುಗಿಯಬೇಕು.

ಈಗ ಏಳು ಲಕ್ಷದ ಲೆಕ್ಕ. ಪೆಟ್ಟು ಬಿದ್ದ ಕಾರನ್ನು ಕಾಲು ಭಾಗ ಕಡಿಮೆಗೆ ನಾನು ಕೇಳುತ್ತೇನೆ ಎಂದರೆ, ನಾಳೆ ನನ್ನಿಂದ ಕೊಳ್ಳುವವರೂ ಕಾಲು ಭಾಗ ಕಡಿಮೆಗೇ ಕೇಳುತ್ತಾರೆ. ನಾಲ್ಕು ವರ್ಷದ ನಂತರ ಪೆಟ್ಟಿಲ್ಲದ ಕಾರು 16 ಲಕ್ಷಕ್ಕೆ ಹೋಗುತ್ತದೆ ಎಂದುಕೊಂಡರೆ ನನ್ನದು 12 ಲಕ್ಷಕ್ಕೆ ಹೋಗುತ್ತದೆ. ಅಲ್ಲಿಗೆ ನಾಲ್ಕು ಲಕ್ಷ ವಾಪಸ್ ಹೋಯಿತು. ಕಾರಿನಲ್ಲಿ ಇನ್ನೂ ಬಾಕಿ ಇದ್ದ ಕೆಲಸ, ಅಂದರೆ ಎಸಿ ಕಂಡೆನ್ಸರ್, ಒಂದು ಹೆಡ್‌ಲೈಟಿನ ಕ್ಲ್ಯಾಂಪು, ಮುಂದಿನ ಎರಡು ಟೈರು, ಇವಕ್ಕೆ ಒಂದೂವರೆ ಲಕ್ಷ. ಕೈಯಲ್ಲಿ ಉಳಿದದ್ದು ಒಂದೂವರೆ ಲಕ್ಷ. ಕಾಣದ ದೋಷದ ಅಪಾಯವನ್ನು ನಾಲ್ಕು ವರ್ಷ ಹೊರುವುದಕ್ಕೆ ನನಗೆ ಸಿಗುವ ಕೂಲಿ ಅಷ್ಟು. ಗೇರ್‌ಬಾಕ್ಸಿಗೆ ಒಂದು ದೊಡ್ಡ ಕೆಲಸ ಬಂದರೆ ಅದು ಒಂದೇ ಏಟಿಗೆ ಖಾಲಿ.

ಪೆಟ್ಟಿನ ಕಾರಿನ ರಿಯಾಯಿತಿ ಲಾಭವಲ್ಲ, ಕೈಗಡ. ಮಾರುವ ದಿನ ಅದರ ಹೆಚ್ಚಿನ ಪಾಲನ್ನು ಮುಂದಿನವರಿಗೆ ತೀರಿಸಲೇಬೇಕು. ಇದು ತಲೆಗೆ ಹೋದ ಮೇಲೆ ಚೌಕಾಸಿಯ ದಾರಿಯೇ ಬದಲಾಯಿತು.

ಇನ್ನು ಅಪಾಯ ಎಷ್ಟು ಎಂದು ಅಳೆಯುವುದು ಹೇಗೆ? ಅದಕ್ಕೆ ಕಾಗದ ಬೇಕು. ಅಮೆರಿಕದಲ್ಲಿ ವಿಮಾ ಕಂಪನಿ ಕೈಬಿಟ್ಟ ಕಾರಿನ ಮಾಲೀಕತ್ವದ ಪತ್ರದ ಮೇಲೆಯೇ ಅದನ್ನು ನಮೂದಿಸುತ್ತಾರೆ. ನಮ್ಮ ಆರ್‌ಸಿಯಲ್ಲಿ ಅಂಥ ಗುರುತು ಇರುವುದಿಲ್ಲ. ವಾಹನ್ ಪೋರ್ಟಲ್‌ನಲ್ಲಿ ನೋಡಿದರೆ ಎಷ್ಟನೇ ಮಾಲೀಕರು, ಬ್ಯಾಂಕ್ ಸಾಲ ಬಾಕಿ ಇದೆಯೇ, ವಿಮೆ ಎಲ್ಲಿಯವರೆಗೆ ಎಂಬುದು ಸಿಗುತ್ತದೆ, ಅಪಘಾತದ ಸುದ್ದಿ ಸಿಗುವುದಿಲ್ಲ. ರಿಪೇರಿ ಖರ್ಚು ವಿಮಾ ಮೌಲ್ಯದ, ಅಂದರೆ ಐಡಿವಿಯ ಶೇ 75 ದಾಟಿದರೆ ಕಂಪನಿ ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತದೆ. ಆದರೆ ಹಾಗೆ ಕೈಬಿಟ್ಟ ಕಾರು ಹರಾಜಿನಲ್ಲಿ ಹೋಗಿ, ರಿಪೇರಿಯಾಗಿ, ಪಾಲಿಶ್ ಹೊಡೆಸಿಕೊಂಡು ಮತ್ತೆ ಮಾರುಕಟ್ಟೆಗೆ ಬರುವುದುಂಟು.

ಆದ್ದರಿಂದ ನಾನು ಮಾರುವವರಿಂದ ಕೇಳಿದ್ದು ಮೂರು ಕಾಗದ: ಕ್ಲೇಮಿನ ಸರ್ವೇಯರ್ ವರದಿ, ರಿಪೇರಿ ಮಾಡಿದ ವರ್ಕ್‌ಶಾಪಿನ ಪೂರ್ತಿ ಬಿಲ್ಲು, ಹಿಂದಿನ ವಿಮಾ ಪಾಲಿಸಿಗಳು. ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಬೇಕು. ಕ್ಲೇಮ್ ಇಲ್ಲದೆ ವರ್ಷಗಳು ಕಳೆದಂತೆ ಅದು ಶೇ 20ರಿಂದ ಶೇ 50ರವರೆಗೆ ಏರುತ್ತದೆ. ಐದು ವರ್ಷದಿಂದ ಏನೂ ಆಗಿಲ್ಲ ಎನ್ನುವವರ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ ಕಾರಣ ಕೇಳಲೇಬೇಕು. ಪಾಲಿಸಿ ನಡುವೆ ನಿಂತುಹೋಗಿದ್ದರೂ ಸೊನ್ನೆಯಾಗಬಹುದು. ಕೇಳಿದರೆ ನಿಜ ಗೊತ್ತಾಗುತ್ತದೆ.

ಆ ಕಾರಿನ ಬಿಲ್ಲಿನಲ್ಲಿ ಬಂಪರ್, ಬಾನೆಟ್, ಎಡಗಡೆ ಫೆಂಡರ್, ರೇಡಿಯೇಟರ್, ಹೆಡ್‌ಲೈಟ್ ಇದ್ದವು. ಏರ್‌ಬ್ಯಾಗ್ ಇರಲಿಲ್ಲ, ಚಾಸಿ ಕೆಲಸ ಇರಲಿಲ್ಲ. ಬಿಲ್ಲು ಹೇಳಿದ್ದನ್ನು ಕಾರೂ ಹೇಳಬೇಕಲ್ಲ. ಮುಶೀರಾಬಾದಿನಲ್ಲಿ ಟಿಂಕರಿಂಗ್ ಕೆಲಸ ಮಾಡುವ, ಬೀದರ್ ಕಡೆಯ ಒಬ್ಬ ಉಸ್ತಾದ್‌ರನ್ನು ಕರೆದುಕೊಂಡು ಹೋದೆ. “ಸಾಹೇಬ್ರ, ಪೇಂಟ್ ಏನ್ ನೋಡ್ತೀರಿ, ಬೋಲ್ಟ್ ನೋಡ್ರಿ” ಎಂದರು. ಫೆಂಡರಿನ ಬೋಲ್ಟಿನ ತಲೆಯ ಮೇಲೆ ಪಾನಾ ಹಿಡಿದ ಗೀರು ಇತ್ತು. ಅದು ಬಿಲ್ಲಿಗೆ ಸರಿಹೊಂದಿತು. ಆಮೇಲೆ ಅವರು ಬಾನೆಟ್ ಎತ್ತಿ ಒಳಗಿನ ಏಪ್ರನ್ ಮೇಲೆ ಬೆರಳಾಡಿಸಿದರು. ಕಾರ್ಖಾನೆಯ ಬೆಸುಗೆಯ ಚುಕ್ಕಿಗಳು ಒಂದೇ ಅಂತರದಲ್ಲಿ ಸಾಲಾಗಿದ್ದವು, ಸೀಲಂಟ್ ಎಲ್ಲೂ ಒಡೆದಿರಲಿಲ್ಲ. ಟಿಟಿಯ ಹೊರಮೈ ಅಲ್ಯೂಮಿನಿಯಂ. ಪುಟ್ಟಿ ತುಂಬಿದ್ದಾರೆಯೇ ಎಂದು ಅಯಸ್ಕಾಂತ ಹಿಡಿದು ನೋಡುವ ಹಳೆಯ ಉಪಾಯ ಇಲ್ಲಿ ನಡೆಯದು. ಅಲ್ಯೂಮಿನಿಯಂ ಮೇಲಿನ ಬಣ್ಣದ ದಪ್ಪ ಅಳೆಯುವ ಮೀಟರೇ ಬೇಕು. ಕೊನೆಗೆ ಬೇರೆ ಕಡೆ ಕಂಪ್ಯೂಟರ್ ಸ್ಕ್ಯಾನಿಂಗ್ ಮಾಡಿಸಿ, ಏರ್‌ಬ್ಯಾಗ್ ಮತ್ತು ಸೀಟ್‌ಬೆಲ್ಟ್ ವ್ಯವಸ್ಥೆಯಲ್ಲಿ ದೋಷವಿಲ್ಲ ಎಂದು ಖಚಿತಪಡಿಸಿಕೊಂಡೆ.

ಬೋಲ್ಟ್ ಹಾಕಿ ಕೂರಿಸುವ ಭಾಗಕ್ಕೆ ಬಿದ್ದ ಪೆಟ್ಟಿಗೆ ಬೆಲೆ ಕಟ್ಟಬಹುದು. ಚಾಸಿ, ಪಿಲ್ಲರ್, ಏಪ್ರನ್ ಇವನ್ನು ಕತ್ತರಿಸಿ ಬೆಸುಗೆ ಹಾಕಿದ್ದರೆ ಬೆಲೆ ಕಟ್ಟಲಾಗದು. ಏಕೆಂದರೆ ಅದು ಮುಂದಿನ ಅಪಘಾತದಲ್ಲಿ ಒಳಗೆ ಕೂತವರ ಜೀವದ ಪ್ರಶ್ನೆ. ಹೊರವರ್ತುಲ ರಸ್ತೆಯಲ್ಲಿ ಗಂಟೆಗೆ 120 ಕಿಲೋಮೀಟರ್ ವೇಗಕ್ಕೆ ಅನುಮತಿಯಿದೆ. ಅಂಥ ವೇಗದ ಆಸೆಯಿಂದಲೇ ಕೊಳ್ಳುವ ಕಾರಿನಲ್ಲಿ ಈ ವಿಷಯಕ್ಕೆ ರಾಜಿಯಿಲ್ಲ.

ನೀರು ಹೊಕ್ಕ ಕಾರೂ ಇದೇ ಸಾಲಿಗೆ ಸೇರುತ್ತದೆ. 2020ರ ಅಕ್ಟೋಬರ್ 13ರ ರಾತ್ರಿ ಈ ಊರಿನಲ್ಲಿದ್ದವರಿಗೆ ವಿವರಿಸಬೇಕಿಲ್ಲ. ಬೇಗಂಪೇಟೆಯಲ್ಲಿ ಒಂದೇ ದಿನ 19 ಸೆಂಟಿಮೀಟರ್ ಮಳೆ, ಬೀದಿಗಳಲ್ಲಿ ತೇಲಿಹೋದ ಕಾರುಗಳು. ನೀರು ಹೊಕ್ಕ ಕಾರಿನ ವೈರಿಂಗ್ ಮತ್ತು ಕಂಟ್ರೋಲ್ ಯೂನಿಟ್ಟುಗಳು ಕೂಡಲೇ ಕೆಡದೆ, ಒಂದೆರಡು ವರ್ಷ ಕಳೆದು ಒಂದೊಂದಾಗಿ ಕೈಕೊಡಬಹುದು. ಪರೀಕ್ಷೆ ಮಾತ್ರ ಸುಲಭ. ಸೀಟ್‌ಬೆಲ್ಟನ್ನು ಪೂರ್ತಿ ಎಳೆಯಿರಿ, ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಕೆಳಗಿನ ಹಳಿಗೆ ತುಕ್ಕು ಹಿಡಿದಿದೆಯೇ, ಡಿಕ್ಕಿಯ ಕಾರ್ಪೆಟ್ಟಿನಡಿ ಮಣ್ಣು ಕೂತಿದೆಯೇ ನೋಡಿ. ಒಂದು ಗುರುತು ಸಿಕ್ಕರೂ ಎಷ್ಟೇ ಅಗ್ಗವಾದರೂ ಬೇಡ.

ವಿಮೆಯ ಇನ್ನೊಂದು ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಂಡೆ. ಹಳೆಯ ಕಾರಿಗೆ ಝೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಕ್ಲೇಮ್ ಕೊಡುವ ವಿಮೆ, ಸಾಮಾನ್ಯವಾಗಿ ಸಿಗುವುದಿಲ್ಲ. ಆಗ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ. ಐದು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇ 40, ಹತ್ತು ದಾಟಿದರೆ ಶೇ 50. ಒಂದು ಲಕ್ಷದ ಬಂಪರ್ ಒಡೆದರೆ ಅರ್ಧ ಲಕ್ಷ ನನ್ನ ಜೇಬಿನಿಂದ. ಆದ್ದರಿಂದ ಕಾರಿನ ಹೆಸರಿನಲ್ಲಿ ಬೇರೆಯೇ ಹಣ ಇರಲೇಬೇಕು.

ಇಷ್ಟೆಲ್ಲ ಕೂಡಿಸಿ ನಾನು ಹೇಳಿದ ಬೆಲೆ 19 ಲಕ್ಷ. ಲೆಕ್ಕದ ಹಾಳೆಯನ್ನೇ ಮಾರುವವರ ಮುಂದಿಟ್ಟೆ. ಅವರು ಕೆಲವು ದಿನ ಬೇರೆ ಗಿರಾಕಿಗೆ ಕಾದು, ಕೊನೆಗೆ ಒಪ್ಪಿಕೊಂಡರು. ಬಾಕಿ ಕೆಲಸಕ್ಕೆ ಒಂದೂವರೆ ಲಕ್ಷ, ವಿಮೆ ಮತ್ತು ವರ್ಗಾವಣೆಗೆ ಒಂದು ಲಕ್ಷ ತೆಗೆದಿಟ್ಟು, ಉಳಿದ ಮೂರೂವರೆ ಲಕ್ಷವನ್ನು ಎಫ್‌ಡಿಯಲ್ಲಿ ಹಾಕಿದೆ. ಅದು ಈ ಕಾರಿಗೆ ಮಾತ್ರ. ತೆಲಂಗಾಣದಲ್ಲೇ ನೋಂದಣಿಯಾದ ಕಾರು, ಫಾರಂ 29 ಮತ್ತು 30ರಲ್ಲಿ ಕೆಲಸ ಮುಗಿಯಿತು. ಬೇರೆ ರಾಜ್ಯದ್ದಾಗಿದ್ದರೆ ಎನ್‌ಒಸಿ ತಂದು ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕಿತ್ತು. ಅಗ್ಗದ ಹೊರರಾಜ್ಯದ ಕಾರು ನೋಡುವವರು ಇದನ್ನು ಮೊದಲೇ ಕೂಡಿಸಿಕೊಳ್ಳಬೇಕು.

ಪೆಟ್ಟು ಬಿದ್ದ ಕಾರು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಕಾಗದ ಕೊಡುವವರ ಪೆಟ್ಟಿನ ಕಾರು, ಕಾಗದ ಕೊಡದವರ ಹೊಳೆಯುವ ಕಾರಿಗಿಂತ ಮೇಲು. ನೀವೂ ಇಂಥ ಕಾರಿನ ಹಿಂದೆ ಬಿದ್ದಿದ್ದರೆ, ಟೆಸ್ಟ್ ಡ್ರೈವ್‌ಗೆ ಹೋಗುವ ಮುಂಚೆಯೇ ಎರಡು ಅಂಕಿ ಬರೆದಿಡಿ: ನೀವು ಕೊಡಬಹುದಾದ ಗರಿಷ್ಠ ಬೆಲೆ, ನಾಲ್ಕು ವರ್ಷದ ನಂತರ ನಿಮಗೆ ಸಿಗಬಹುದಾದ ಬೆಲೆ. ಎಂಜಿನ್ನಿನ ಸದ್ದು ಕೇಳಿದ ಮೇಲೆ ಬರೆಯುವ ಅಂಕಿಯನ್ನು ನಂಬಬೇಡಿ.