ಚೈತ್ರದ ತೋಟಕ್ಕೆ ಮುಚ್ಚಿಗೆ

ಪಂಚಾಂಗದ ಲೆಕ್ಕದಲ್ಲಿ ಚೈತ್ರ, ವೈಶಾಖಗಳು ವಸಂತ ಋತುವೇ ಆದರೂ ಶಿರಸಿ, ಸಿದ್ದಾಪುರ, ಸಾಗರ ಸೀಮೆಯ ಸಣ್ಣ ಅಡಿಕೆ ತೋಟಗಳ ಮಟ್ಟಿಗೆ ಅವು ಚಿಗುರಿನ ತಿಂಗಳುಗಳಾಗಿರುವಷ್ಟೇ ಬಾಯಾರಿಕೆಯ ತಿಂಗಳುಗಳೂ ಹೌದು. ಬೆಟ್ಟದ ಮರಗಳು ಕೆಂಪು ತಳಿರು ಬಿಡುವ ಹೊತ್ತಿಗೆ ಹಳ್ಳದ ಹರಿವು ನಿಂತು ನೀರು ಗುಂಡಿಗಳಲ್ಲಷ್ಟೇ ಉಳಿದಿರುತ್ತದೆ, ಅಡಿಕೆ ಮರ ಮುಂದಿನ ಕೊಯ್ಲಿಗೆ ಕಾಯಿ ಕಚ್ಚುವುದೂ ಅದೇ ಹೊತ್ತಿನಲ್ಲಿ. ಎರಡು ಎಕರೆಯ ಆಸುಪಾಸಿನ ತೋಟವನ್ನು ಬಹುಮಟ್ಟಿಗೆ ಮನೆಯವರ ಕೈದುಡಿಮೆಯಿಂದಲೇ ನಡೆಸಿಕೊಂಡು ಬಂದ ಕುಟುಂಬವೊಂದರ ಹಲವು ಬೇಸಿಗೆಗಳ ಅನುಭವ ಈ ಬರಹಕ್ಕೆ ಆಧಾರವಾಗಿದ್ದು, ವಸಂತದಲ್ಲಿ ತೋಟಕ್ಕೆ ನೀರುಣಿಸುವ ಮೊದಲು ಹೊದಿಕೆ ಹೊದಿಸಬೇಕು ಎಂಬುದೇ ಅದರಿಂದ ದಕ್ಕಿದ ಮುಖ್ಯ ತಿಳಿವಳಿಕೆ.

ಅಡಿಕೆಯ ಹೂವನ್ನು ಹತ್ತಿರದಿಂದ ನೋಡಿದವರಿಗೆ ಈ ಮಾತು ಬೇಗ ಮನದಟ್ಟಾಗುತ್ತದೆ. ಹಣ್ಣಾದ ಸೋಗೆಯು ಹಾಳೆಯ ಸಮೇತ, ಅಂದರೆ ಮರದ ನೆತ್ತಿಯನ್ನು ಸುತ್ತಿಕೊಂಡಿದ್ದ ತನ್ನ ಅಗಲವಾದ ಬುಡದ ಸಮೇತ, ಕಳಚಿ ಬಿದ್ದ ಮೇಲೆ ಅದರ ಕಂಕುಳಲ್ಲಿ ಅಡಗಿದ್ದ ಹೊಂಬಾಳೆ ಹೊರಗೆ ಕಾಣುತ್ತದೆ. ಅದು ಒಡೆದು ಬಿಚ್ಚಿಕೊಂಡಾಗ ಎಳೆಗಳ ತುದಿಯುದ್ದಕ್ಕೂ ಸಣ್ಣ ಅಕ್ಕಿಕಾಳಿನಂಥ ಗಂಡು ಹೂಗಳು, ಎಳೆಗಳ ಬುಡದಲ್ಲಿ ದಪ್ಪ ಮೊಗ್ಗುಗಳಂಥ ಹೆಣ್ಣು ಹೂಗಳು ಇರುತ್ತವೆ. ಮೊದಲು ಅರಳುವ ಗಂಡು ಹೂಗಳು ವಾರಗಟ್ಟಲೆ ಉದುರುತ್ತ ಬುಡದ ನೆಲವನ್ನು ಬೆಳ್ಳಗಾಗಿಸುತ್ತವೆ, ಆ ಸರದಿ ಮುಗಿದ ಮೇಲೆಯೇ ಹೆಣ್ಣು ಹೂಗಳು ಬಾಯ್ದೆರೆಯುತ್ತವೆ. ಈ ಎಳೆಯ ಹಂತದಲ್ಲಿ ಬೇರಿಗೆ ತೇವ ತಪ್ಪಿದರೆ ಹೂವೂ ಮಿಡಿಯೂ ಉದುರಿ ಹೋಗುತ್ತವೆ, ಮುಂದೆ ಎಷ್ಟು ಒಳ್ಳೆಯ ಮಳೆ ಬಂದರೂ ಆ ನಷ್ಟ ತುಂಬುವುದಿಲ್ಲ.

ಮಾರ್ಚ್‌ನಿಂದ ಮೇ ವರೆಗೆ 3ರಿಂದ 5 ದಿನಗಳಿಗೊಮ್ಮೆ ಮರವೊಂದಕ್ಕೆ ಸುಮಾರು 175 ಲೀಟರ್ ನೀರು ಬೇಕೆಂಬ ಶಿಫಾರಸು ಕೃಷಿ ಸಾಹಿತ್ಯದಲ್ಲಿದೆ. ಆದರೆ ಕೆರೆಯ ತಳ ಕಾಣುತ್ತಿರುವಾಗ ಸಣ್ಣ ಹಿಡುವಳಿದಾರನಿಗೆ ಆ ಲೆಕ್ಕ ಕೈಗೆಟಕುವುದು ಕಷ್ಟ. ಈ ಕುಟುಂಬವೂ ಮೊದಲ ವರ್ಷಗಳಲ್ಲಿ ನೀರು ಸಿಕ್ಕ ದಿನ ಕಾಲುವೆ ತುಂಬ ಹಾಯಿಸಿ, ಸಿಗದ ದಿನಗಳಲ್ಲಿ ಆಕಾಶ ನೋಡುತ್ತ ಕುಳಿತು, ಬರಿದಾದ ನೆಲ ಎರಡೇ ದಿನಕ್ಕೆ ಬಿರುಕು ಬಿಡುವುದನ್ನು ಕಂಡಿತ್ತು. ಅಡಿಕೆಯ ಬಹುಪಾಲು ಬೇರುಗಳು ಬುಡದಿಂದ ಒಂದು ಮೀಟರ್ ಅಂತರದೊಳಗೇ ಹರಡಿಕೊಂಡಿರುವುದರಿಂದ ಅಷ್ಟು ಜಾಗಕ್ಕೆ ದಪ್ಪನೆಯ ಮುಚ್ಚಿಗೆ ಹಾಕಿ, ಕಡಿಮೆ ನೀರನ್ನು ಮೇಲಿಂದ ಮೇಲೆ ಕೊಡತೊಡಗಿದ ಮೇಲೆ ಚಿತ್ರ ಬದಲಾಯಿತು: ಏಪ್ರಿಲ್‌ನ ನಡುಹಗಲಿನಲ್ಲಿ ಒಣ ಎಲೆಯ ಪದರವನ್ನು ಕೈಯಿಂದ ಸರಿಸಿದರೆ ಕೆಳಗಿನ ಎಲೆಗಳು ಒಂದಕ್ಕೊಂದು ಅಂಟಿಕೊಂಡು ತಣ್ಣಗಿರುತ್ತಿದ್ದವು, ಅವುಗಳ ಅಡಿಯಲ್ಲಿ ಎರೆಹುಳದ ಹಿಕ್ಕೆಯ ನಡುವೆ ಬಿಳಿಯ ಬೇರುತುದಿಗಳು ಮೇಲ್ಮುಖವಾಗಿ ಇಣುಕುತ್ತಿದ್ದವು.

ಈ ಮುಚ್ಚಿಗೆಗೆ ಬೇಕಾದ ದರಕು, ಅಂದರೆ ಉದುರಿದ ತರಗೆಲೆ, ಬರುವುದು ಸೊಪ್ಪು, ತರಗೆಲೆಗಳಿಗಾಗಿ ತೋಟಿಗರಿಗೆ ಬಿಟ್ಟ ಕಾಡಾದ ಸೊಪ್ಪಿನ ಬೆಟ್ಟದಿಂದ. ಉತ್ತರ ಕನ್ನಡದ ಘಟ್ಟದ ಮೇಲಿನ ಭಾಗದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯವನ್ನು ಬ್ರಿಟಿಷರ ಆಡಳಿತಕಾಲದಲ್ಲಿಯೇ ಒದಗಿಸಲಾಗಿದ್ದು, ಕೊಟ್ಟಿಗೆಗೆ ಹಾಸುವ ಎಲೆಯೂ ತೋಟಕ್ಕೆ ಹೊದಿಸುವ ಎಲೆಯೂ ಅಲ್ಲಿಂದಲೇ ಬರಬೇಕು. ಶಿವರಾತ್ರಿಯ ಆಚೀಚೆ ಮನೆಮಂದಿಯೆಲ್ಲ ಬೆಳಗಿನ ತಂಪಿನಲ್ಲಿ, ಎಲೆ ಇಬ್ಬನಿಗೆ ಮೆತ್ತಗಿದ್ದು ಪುಡಿಯಾಗದಿರುವಾಗ, ದರಕು ಗುಡಿಸಿ ಹೊರುವುದು ಸೀಮೆಯ ರೂಢಿ. ಇಲ್ಲಿ ಆಸೆಗೊಂದು ಮಿತಿ ಬೇಕೆಂಬುದನ್ನು ಕುಟುಂಬ ತಡವಾಗಿ ಕಲಿಯಿತು. ಬೆಟ್ಟವನ್ನು ಅಂಗಳದಂತೆ ಗುಡಿಸಿದರೆ ಮಳೆಗಾಲದ ಮೊದಲ ನೀರು ಇಂಗದೆ ಕೆಮ್ಮಣ್ಣನ್ನು ಹೊತ್ತು ಹರಿಯುತ್ತದೆ. ಬೆಟ್ಟದ ಬುಡದಲ್ಲಿ ಜಿನುಗುವ ಒರತೆಯೇ ತೋಟದ ಕೆರೆಗೆ ಆಧಾರವಾಗಿರುವಾಗ ಬೆಟ್ಟದ ಹೊದಿಕೆ ಕಿತ್ತು ತೋಟಕ್ಕೆ ಹಾಸುವುದೆಂದರೆ ಒಂದೇ ಕಂಬಳಿಯನ್ನು ಇಬ್ಬರು ಮಕ್ಕಳ ಮೇಲಿಂದ ಎಳೆದಾಡಿದಂತೆ. ಅಂದಿನಿಂದ ವರ್ಷಕ್ಕೊಂದು ಮಗ್ಗುಲನ್ನು ಗುಡಿಸದೆ ಬಿಡುವ ಕ್ರಮ ಆ ಮನೆಯಲ್ಲಿ ನಡೆದುಬಂದಿದೆ.

ಮರದ ಕಾಂಡಕ್ಕೂ ಹೊದಿಕೆ ಬೇಕು. ತೋಟದ ಅಂಚಿನಲ್ಲಿದ್ದ ಹಲಸು, ನೇರಳೆ ಮರಗಳು ನೆರಳು ಹೆಚ್ಚು ಮಾಡುತ್ತವೆಂದು ಕಡಿದುಹಾಕಿದ್ದು ಈ ಕುಟುಂಬದ ಅತಿ ದುಬಾರಿ ತಪ್ಪು. ತೆರವಾದ ನೈರುತ್ಯ ದಿಕ್ಕಿನಿಂದ ಇಳಿಬಿಸಿಲು ನೇರವಾಗಿ ಬಡಿದು ಅಂಚಿನ ಸಾಲಿನ ಮರಗಳ ಹಸಿರು ಕಾಂಡ ಮೊದಲು ಹಳದಿಯಾಗಿ, ಬಳಿಕ ಕಂದಾಗಿ, ಕೊನೆಗೆ ಸೀಳಿತು. ಎಳೆಯ ಮರಗಳಿಗೆ ಆ ಮಗ್ಗುಲಲ್ಲಿ ಸೋಗೆ ಕಟ್ಟುವುದು ಅಥವಾ ಸುಣ್ಣ ಬಳಿಯುವುದು ತಕ್ಕಮಟ್ಟಿನ ರಕ್ಷಣೆ ಕೊಡುತ್ತದೆ, ಆದರೆ ಕಡಿದ ಹಲಸಿನ ನೆರಳು ಮತ್ತೆ ಬೆಳೆಯಲು ಬೇಕಾಗುವ ವರ್ಷಗಳನ್ನು ಸುಣ್ಣ ಕೊಡಲಾರದು.

ಕಾಳುಮೆಣಸಿನ ಕೊಯ್ಲು, ಅಪ್ಪೆಮಿಡಿ ಇಳಿಸಿ ಉಪ್ಪಿಗೆ ಹಾಕುವುದು, ಹಲಸಿನ ಹಪ್ಪಳ, ಇವೆಲ್ಲವೂ ಮುಚ್ಚಿಗೆ, ನೀರಿನ ಕೆಲಸಗಳ ಜೊತೆಗೆ ಇದೇ ದಿನಗಳಲ್ಲಿ ಒತ್ತರಿಸಿ ಬರುತ್ತವೆ, ಅವುಗಳ ಹೆಚ್ಚಿನ ಭಾರ ಹೆಂಗಸರ ಮೇಲೆಯೇ ಬೀಳುತ್ತದೆ ಎಂಬುದನ್ನು ಮರೆಮಾಚದೆ ಹೇಳಬೇಕು.

ಏಪ್ರಿಲ್ ನಡುವಿಗೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ ಮಳೆಯ ನಕ್ಷತ್ರಗಳು ಹುಟ್ಟುತ್ತಲೂ ಗಮನ ಕೊಳೆರೋಗದತ್ತ ತಿರುಗುತ್ತದೆ. ಎಳೆಯ ಕಾಯಿಗಳನ್ನು ಮಳೆಗಾಲದಲ್ಲಿ ಉದುರಿಸುವ ಈ ರೋಗದ ಕುರಿತು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರಲ್ಲಿ ಅಧ್ಯಯನ ಪ್ರಕಟಿಸಿದರು. ಅದಕ್ಕೂ ಮೊದಲಿನಿಂದ ಗೊನೆಗಳಿಗೆ ಹುಲ್ಲಿನ ಕೊಟ್ಟೆ, ಅಂದರೆ ಮಳೆ ತಾಗದಂತೆ ಕಾಯುವ ಹೊದಿಕೆ, ಕಟ್ಟುವ ಪದ್ಧತಿಯಿತ್ತು. ಇಂದು ಆ ಜಾಗದಲ್ಲಿ ಬೋರ್ಡೋ ದ್ರಾವಣವಿದೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ; ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಅದರ ತಿರುವುಮುರುವಾಗಬಾರದು. ಹಳೆಯ ಸುಣ್ಣ ಬಳಸಿದ ವರ್ಷ ದ್ರಾವಣ ಕೆಟ್ಟು ಎಳೆಗಾಯಿ ಸುಟ್ಟದ್ದರಿಂದ, ಪ್ರತಿ ಸಲವೂ ಚೆನ್ನಾಗಿ ಮಸೆದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುವುದು ಆ ಮನೆಯ ನಿಯಮವಾಗಿದೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಲಾಗುತ್ತದೆ. ಅಲಗು ಅದ್ದಿದಷ್ಟೇ ಬೆಳ್ಳಗೆ ಹೊರಬಂದ ಮೇಲೆ, ತೋಟದ ಬಾಯಲ್ಲಿ ಕಾಯುತ್ತಿರುವ ಕೊನೆಗೌಡ, ಅಂದರೆ ಅಡಿಕೆ ಮರವೇರುವ ಕೆಲಸಗಾರ, ಅದನ್ನು ಗೊನೆಗಳಿಗೆ ಸಿಂಪಡಿಸಲು ಮೊದಲ ಮರ ಹತ್ತುತ್ತಾನೆ.