ಮನೆಗೊಂದು ಪ್ರಿಂಟರ್: ಬೆಲೆ ನೋಡುವ ಮುನ್ನ ಪುಟ ಎಣಿಸಿರಿ

ಡಂಬಳ, ಮುಂಡರಗಿ, ಶಿರಹಟ್ಟಿ ಭಾಗದ ಅನೇಕ ಸಣ್ಣ ವ್ಯಾಪಾರಸ್ಥರ ಲೆಕ್ಕಪತ್ರದ ಕಾರ್ಯವು ಅಂಗಡಿಯಲ್ಲಿ ನಡೆಯುವುದಿಲ್ಲ. ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ನಡೆಯುತ್ತದೆ. ಕಿರ್ದಿ-ಖತಾವಣಿಯ ಜಾಗಕ್ಕೆ ಕಂಪ್ಯೂಟರ್ ಬಂದ ನಂತರ ಅದರ ಪಕ್ಕದಲ್ಲಿ ಪ್ರಿಂಟರೊಂದು ಇರಲೇಬೇಕೆಂಬ ಭಾವನೆಯೂ ಬೆಳೆದಿದೆ. ಯಾವ ಪ್ರಿಂಟರ್ ಕೊಳ್ಳಬೇಕೆಂದು ಲೆಕ್ಕ ಪರಿಶೋಧಕರನ್ನು ಕೇಳುವುದು ವಿಚಿತ್ರವಾಗಿ ಕಾಣಬಹುದು. ಆದರೆ ಇದು ಯಂತ್ರದ ಪ್ರಶ್ನೆಗಿಂತ ಹೆಚ್ಚಾಗಿ ಲೆಕ್ಕದ ಪ್ರಶ್ನೆಯೇ ಆಗಿದೆ.

ಪ್ರಿಂಟರಿನ ನಿಜವಾದ ಬೆಲೆ ಅದರ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಯಂತ್ರವನ್ನು ಅಗ್ಗವಾಗಿ ಕೊಟ್ಟು, ಶಾಯಿಯಲ್ಲಿ ಲಾಭ ಪಡೆಯುವುದು ಈ ಉದ್ಯಮದ ಹಳೆಯ ಪದ್ಧತಿ. ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು, ಓದುಗರು ತಮ್ಮ ಅಂಗಡಿಕಾರರು ಹೇಳಿದ ದರವನ್ನು ಹಾಕಿಕೊಳ್ಳಬಹುದು. ಕಾರ್ಟ್ರಿಜ್ ಹಾಕುವ ಸಣ್ಣ ಇಂಕ್‌ಜೆಟ್ ಯಂತ್ರಕ್ಕೆ ರೂ. 4,000, ಅದರ ರೂ. 800ರ ಕಾರ್ಟ್ರಿಜ್ 200 ಪುಟ ಕೊಟ್ಟರೆ ಪುಟಕ್ಕೆ ರೂ. 4 ಬೀಳುತ್ತದೆ. ಶಾಯಿಯನ್ನು ಬಾಟಲಿಯಿಂದ ತುಂಬುವ ಇಂಕ್ ಟ್ಯಾಂಕ್ ಯಂತ್ರಕ್ಕೆ ರೂ. 13,000, ಪುಟಕ್ಕೆ 15 ಪೈಸೆ. ಕಪ್ಪು-ಬಿಳುಪು ಲೇಸರ್ ಯಂತ್ರಕ್ಕೂ ರೂ. 13,000, ಪುಟಕ್ಕೆ ರೂ. 1.20. ತಿಂಗಳಿಗೆ 200 ಪುಟದಂತೆ ಮೂರು ವರ್ಷಕ್ಕೆ 7,200 ಪುಟಗಳಾಗುತ್ತವೆ. ಆಗ ಯಂತ್ರ ಮತ್ತು ಶಾಯಿಯ ಒಟ್ಟು ವೆಚ್ಚ ಕ್ರಮವಾಗಿ ರೂ. 32,800, ರೂ. 14,080 ಹಾಗೂ ರೂ. 21,640. ಅಗ್ಗವೆಂದು ತಂದ ಯಂತ್ರವೇ ಎಲ್ಲಕ್ಕಿಂತ ದುಬಾರಿಯಾಯಿತು.

ಅದೇ ಲೆಕ್ಕವನ್ನು ತಿಂಗಳಿಗೆ 20 ಪುಟಕ್ಕೆ ಹಾಕಿ ನೋಡಿರಿ. ಮೂರು ವರ್ಷಕ್ಕೆ 720 ಪುಟ. ಸಣ್ಣ ಯಂತ್ರಕ್ಕೆ ರೂ. 6,880, ಟ್ಯಾಂಕ್ ಯಂತ್ರಕ್ಕೆ ರೂ. 13,108. ಊರಿನ ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ರೂ. 5 ಕೊಟ್ಟರೂ ಆಗುವುದು ರೂ. 3,600 ಮಾತ್ರ. ಇಂಥವರು ಪ್ರಿಂಟರ್ ಕೊಳ್ಳದಿರುವುದೇ ಲೇಸು. ಬಿಲ್ಲು ಕಂಪ್ಯೂಟರಿನಲ್ಲಿಯೇ ಆಗಬೇಕೆಂದು ಜಿ.ಎಸ್.ಟಿ. ಕಾಯ್ದೆ ಎಲ್ಲರಿಗೂ ಕಡ್ಡಾಯ ಮಾಡಿಲ್ಲ. ಐದು ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟು ಉಳ್ಳವರಿಗೆ 1-8-2023ರಿಂದ ಇ-ಇನ್‌ವಾಯ್ಸ್ ನಿಯಮ ಬಂದಿದೆ, ಅದು ಬೇರೆ ಮಾತು. ಉಳಿದವರು ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಕ್ರಮಸಂಖ್ಯೆಯುಳ್ಳ ಮೂರು ಪ್ರತಿಯ ಬಿಲ್ ಪುಸ್ತಕ ಮಾಡಿಸಿಕೊಂಡು ಕೈಯಿಂದ ಬರೆದರೆ ಯಾವ ಬಾಧಕವೂ ಇಲ್ಲ. ಇ-ವೇ ಬಿಲ್ಲಿಗೂ ಮುದ್ರಿತ ಪ್ರತಿಯೇ ಬೇಕೆಂದಿಲ್ಲ, ವಾಹನ ಚಾಲಕನ ಬಳಿ ಅದರ ಸಂಖ್ಯೆ ಇದ್ದರೂ ಸಾಕು. ಬಿಲ್ಲು ಮಾತ್ರ ಜೊತೆಯಲ್ಲಿರಬೇಕು.

ಕಡಿಮೆ ವೆಚ್ಚದ ಟ್ಯಾಂಕ್ ಯಂತ್ರಕ್ಕೆ ಒಂದು ದೌರ್ಬಲ್ಯವುಂಟು. ವಾರಗಟ್ಟಲೆ ಬಳಸದೆ ಬಿಟ್ಟರೆ ಶಾಯಿ ಒಣಗಿ ಹೆಡ್ ಕಟ್ಟಿಕೊಳ್ಳುತ್ತದೆ, ಅದನ್ನು ಸ್ವಚ್ಛಗೊಳಿಸಲು ಯಂತ್ರವು ಮತ್ತಷ್ಟು ಶಾಯಿ ಸುರಿಯುತ್ತದೆ. ಸುಗ್ಗಿಯಲ್ಲಿ ದಿನಕ್ಕೆ ಐವತ್ತು ಪಟ್ಟಿ ತೆಗೆದು, ಅನಂತರ ಎರಡು ತಿಂಗಳು ಸುಮ್ಮನಿರುವ ಉಳ್ಳಾಗಡ್ಡಿ, ಮೆಣಸಿನಕಾಯಿ ದಲಾಲರಿಗೆ ಇದು ದೊಡ್ಡ ತೊಡಕು. ಟೋನರ್ ಒಣಪುಡಿಯಾದ್ದರಿಂದ ಅಂಥವರಿಗೆ ಲೇಸರ್ ಯಂತ್ರವೇ ಹೊಂದುತ್ತದೆ. ಆದರೆ ಲೇಸರ್ ಯಂತ್ರವು ಪುಡಿಯನ್ನು ಕಾಗದಕ್ಕೆ ಕಾಯಿಸಿ ಅಂಟಿಸುವಾಗ ಒಮ್ಮೆಲೇ ಬಹಳ ವಿದ್ಯುತ್ ಎಳೆಯುತ್ತದೆ. ಅದನ್ನು ಕಂಪ್ಯೂಟರಿನ ಸಣ್ಣ ಯು.ಪಿ.ಎಸ್.ಗೆ ಜೋಡಿಸಬಾರದು. ಕರೆಂಟು ಹೋದಾಗಲೂ ಬಿಲ್ಲು ತೆಗೆಯಬೇಕಾದವರಿಗೆ ಇಂಕ್‌ಜೆಟ್ ಅನುಕೂಲ. ಹೊಸ ಲೇಸರ್ ಯಂತ್ರದ ಜೊತೆಗೆ ಬರುವ ಟೋನರ್ ಅನೇಕ ಬಾರಿ ಪೂರ್ಣ ತುಂಬಿರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂದೇ ಹೊಡೆತಕ್ಕೆ ಕಾರ್ಬನ್ ಪ್ರತಿಗಳನ್ನು ಕೊಡುವ ಡಾಟ್ ಮ್ಯಾಟ್ರಿಕ್ಸ್ ಯಂತ್ರವನ್ನು ಹಳೆಯದೆಂದು ಹೀಗಳೆಯಬೇಕಾಗಿಲ್ಲ. ಸರಕಿನ ಬಿಲ್ಲಿಗೆ ಮೂಲ, ಸಾಗಣೆದಾರ, ಮಾರಾಟಗಾರ ಎಂದು ಮೂರು ಪ್ರತಿ ಬೇಕಲ್ಲವೆ? ಸದ್ದು ಜೋರು, ಕ್ಯೂ.ಆರ್. ಕೋಡ್ ಸ್ಪಷ್ಟವಾಗಿ ಮೂಡುವುದು ಕಷ್ಟ; ರಿಬ್ಬನ್ನಿನ ಖರ್ಚು ಮಾತ್ರ ಅಲ್ಪ.

ವಿಶ್ವಾಸಾರ್ಹತೆ ಎಂಬುದು ಕಂಪನಿಯ ಹೆಸರಿಗಿಂತ ದುರಸ್ತಿಯ ದೂರವನ್ನು ಅವಲಂಬಿಸಿದೆ. ಡಂಬಳದಿಂದ ಗದಗಿಗೆ ಸುಮಾರು 20 ಕಿ.ಮೀ. ಅಲ್ಲಿ ಸೇವಾ ಕೇಂದ್ರವಿಲ್ಲದ ಯಂತ್ರಕ್ಕಾಗಿ ಹುಬ್ಬಳ್ಳಿಗೆ ಎರಡು ಸಲ ಓಡಾಡಿದರೆ ಉಳಿಸಿದ ಹಣ ಅಲ್ಲಿಯೇ ಕರಗುತ್ತದೆ. ವಾರಂಟಿಯು ‘ಒಂದು ವರ್ಷ ಅಥವಾ ಇಷ್ಟು ಪುಟ, ಯಾವುದು ಮೊದಲೋ ಅದು’ ಎಂದಿರುವುದುಂಟು. ಬೇರೆ ಶಾಯಿ ತುಂಬಿದರೆ ಅದು ಉಳಿಯುವುದೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಿರಿ.

ಇನ್ನು ಮುದ್ರಿಸಿದ ಕಾಗದದ ಆಯುಷ್ಯದ ವಿಚಾರ. ಜಿ.ಎಸ್.ಟಿ. ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. 2023-24ರ ಕಡೆಯ ದಿನ 31-12-2024. ಆದ್ದರಿಂದ ಏಪ್ರಿಲ್ 2023ರ ಬಿಲ್ಲು 31-12-2030ರವರೆಗೆ, ಅಂದರೆ ಸುಮಾರು ಏಳೂ ಮುಕ್ಕಾಲು ವರ್ಷ ಓದಲು ಬರುವಂತಿರಬೇಕು. ಥರ್ಮಲ್ ಯಂತ್ರದ ನುಣುಪು ಕಾಗದದ ಚೀಟಿಯು ನಮ್ಮ ಬೇಸಿಗೆಯ ಕಾವಿಗೆ ಅಷ್ಟು ಕಾಲ ಬಾಳುವುದಿಲ್ಲ. ಬಿಲ್ಲು ಅಳಿಸಿಹೋದ ಖರೀದಿಯ ತೆರಿಗೆ ಜಮೆಯನ್ನು ಅಧಿಕಾರಿಯ ಮುಂದೆ ಸಮರ್ಥಿಸಿಕೊಳ್ಳುವುದು ಕಠಿಣ. ಡಂಬಳದ ಪೂರ್ವಿಕ ಶೆಟ್ಟರು ಬೌದ್ಧ ವಿಹಾರಕ್ಕೆ ಸಂಬಂಧಿಸಿದ ತಮ್ಮ ದಾನವನ್ನು 1095ರಲ್ಲಿ ಕಲ್ಲಿನಲ್ಲಿ ಬರೆಸಿದರು, ಅದನ್ನು ಇಂದಿಗೂ ಓದಬಹುದು. ನಮಗೆ ಕಲ್ಲು ಬೇಕಿಲ್ಲ, ಲೇಸರ್ ಪ್ರತಿ ಸಾಕು. ಥರ್ಮಲ್ ಚೀಟಿ ಬಂದ ದಿನವೇ ಅದರ ಜೆರಾಕ್ಸ್ ತೆಗೆದು ಮೂಲಕ್ಕೆ ಲಗತ್ತಿಸಿರಿ. ಸಾಮಾನ್ಯ ಇಂಕ್‌ಜೆಟ್ ಶಾಯಿ ನೀರು ತಗುಲಿದರೆ ಹರಡುವುದರಿಂದ ಪಿಗ್ಮೆಂಟ್ ಶಾಯಿಯ ಯಂತ್ರ ಸಿಕ್ಕರೆ ಉತ್ತಮ.

ಖರೀದಿಯ ಲೆಕ್ಕ ಬರೆಯುವ ಬಗೆ. ಪ್ರಿಂಟರನ್ನು ಕಂಪ್ಯೂಟರಿನ ಅಂಗವೆಂದೇ ಪರಿಗಣಿಸಿ ಹೆಚ್ಚಿನ ಸವಕಳಿ ಕೊಡಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು ಬಿ.ಎಸ್.ಇ.ಎಸ್. ಯಮುನಾ ಪವರ್ಸ್ ಪ್ರಕರಣದಲ್ಲಿ 2010ರಲ್ಲಿ ತೀರ್ಪು ನೀಡಿತು. ಆಗ ಶೇ. 60 ಇದ್ದ ದರ 2017-18ರಿಂದ ಶೇ. 40ಕ್ಕೆ ಇಳಿಯಿತು, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಸವಕಳಿ ಪ್ರತ್ಯೇಕವಾಗಿ ದೊರೆಯುವುದಿಲ್ಲ. ಕೊಟ್ಟ ಜಿ.ಎಸ್.ಟಿ.ಯನ್ನು ಕಾಂಪೋಜಿಷನ್‌ನಲ್ಲಿ ಇಲ್ಲದವರು ಜಮೆ ಪಡೆಯಬಹುದು, ಆದರೆ ಅದೇ ತೆರಿಗೆಯನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ. ಮನೆಯ ಮಕ್ಕಳ ಶಾಲೆಯ ಪ್ರಾಜೆಕ್ಟಿಗೂ ಅದೇ ಯಂತ್ರ ದುಡಿಯುತ್ತಿದ್ದರೆ ವ್ಯಾಪಾರದ ಪಾಲಿಗೆ ಮಾತ್ರ ಈ ಸೌಲಭ್ಯ.

ಬಿಲ್ಲಿನಲ್ಲಿ ಮಾಲೀಕರ ಮನೆಯ ಹೆಸರಲ್ಲ, ಫರ್ಮಿನ ಹೆಸರು ಹಾಗೂ ಜಿ.ಎಸ್.ಟಿ. ನೋಂದಣಿ ಸಂಖ್ಯೆ ಇರತಕ್ಕದ್ದು. ಆಸ್ತಿಯ ಖರೀದಿಗೆ ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತವನ್ನು ಆದಾಯ ತೆರಿಗೆಯಲ್ಲಿ ಆಸ್ತಿಯ ಬೆಲೆಯೆಂದು ಪರಿಗಣಿಸುವುದಿಲ್ಲ. ಹದಿಮೂರು ಸಾವಿರದ ಪ್ರಿಂಟರಿಗೆ ಫರ್ಮಿನ ಖಾತೆಯ ಅಕೌಂಟ್ ಪೇಯಿ ಚೆಕ್ ಕೊಡಿರಿ, ಇಲ್ಲವೆ ಅದೇ ಖಾತೆಯಿಂದ ಯು.ಪಿ.ಐ. ಮೂಲಕ ಪಾವತಿಸಿರಿ.